ಚಿಂದಿ ಫಕೀರವ್ವನ ಮೇಲ್ಕಟ್ಟು

ಬಹಳ ಹಿಂದಿನ ಮಾತು. ಎಷ್ಟು ಹಿಂದಿನದು ಅಂತ ನನಗೂ ಗೊತ್ತಿಲ್ಲ. ನನಗೆ ನಮ್ಮತ್ತೆ ಹೇಳಿದ್ದು, ನಮ್ಮತ್ತೆಗೆ ಅವಳ ಅತ್ತೆ ಹೇಳಿದ್ದು. ಹೊಳೆಯ ದಂಡೆಗೆ ಒಂದು ಊರಿತ್ತಂತೆ, ಆ ಊರಲ್ಲಿ ಫಕೀರವ್ವ ಅಂತ ಒಬ್ಬ ಹೆಣ್ಣುಮಗಳಿದ್ದಳಂತೆ. ಯಾವ ಊರು ಅಂತ ಈಗಲೇ ಕೇಳಬೇಡಿ. ಕೈ ಮಾತ್ರ ನಿಲ್ಲಿಸಬೇಡಿ, ಹುಣಸೆ ಬೀಜದ ಸಿಪ್ಪೆ ಸುಲಿಯುತ್ತಲೇ ಕೇಳಿ. ಕಥೆ ಮುಗಿಯುವುದರೊಳಗೆ ಈ ಬುಟ್ಟಿ ಖಾಲಿಯಾಗಬೇಕು.

ಫಕೀರವ್ವ ಬಳೆಗಾರರ ಮನೆಯ ಮಗಳಂತೆ. ಅಪ್ಪ ಬಳೆಯ ಮಲಾರ ಹೊತ್ತು ಊರೂರು ತಿರುಗಿ ಮನೆಗೆ ಬಂದಾಗ ಗಂಟಿನ ತಳದಲ್ಲಿ ಒಡೆದ ಚೂರು ಉಳಿದಿರುತ್ತಿದ್ದವು. ಅವೆಲ್ಲ ಈ ಹುಡುಗಿಯ ಪಾಲು. ಸಗಣಿ ಸಾರಿಸಿದ ಅಂಗಳ ಇನ್ನೂ ಹಸಿಯಿರುವಾಗಲೇ ಆ ಚೂರುಗಳನ್ನು ಒತ್ತಿ ಒತ್ತಿ ಗಿಳಿ ಮಾಡುತ್ತಿದ್ದಳು, ಹಾವು ಮಾಡುತ್ತಿದ್ದಳು, ಬಾಲ ಬಿಚ್ಚಿದ ನವಿಲು ಮಾಡುತ್ತಿದ್ದಳು. ನವಿಲು ನೋಡಿ ಬೆಕ್ಕು ಹೊಂಚು ಹಾಕಿ ಕುಳಿತಿತ್ತು ಅಂತ ಹೇಳುತ್ತಾರೆ. ನೋಡಿದವರು ಇಷ್ಟು ಹೇಳಿದ್ದು, ಕೇಳಿದವರು ಅಷ್ಟು ಬೆಳೆಸಿದ್ದು, ನಾನು ಎರಡನ್ನೂ ಬಿಡುವವಳಲ್ಲ. ಒಡೆದ ಬಳೆ ಮನೆಯಲ್ಲಿ ಇಟ್ಟುಕೊಳ್ಳಬಾರದು ಅಂತ ಅವ್ವ ಬೈದರೆ ಅಪ್ಪ ನಗುತ್ತಿದ್ದನಂತೆ.

"ಒಡದದ್ದಕ್ಕ ಇಕಿ ಒಂದು ಮನಿ ಮಾಡಿಕೊಡ್ತಾಳ, ಬಿಡ," ಅನ್ನುತ್ತಿದ್ದನಂತೆ.

ಅವಳನ್ನು ಆ ಹೊಳೆದಂಡೆಯ ಊರಿಗೆ ಕೊಟ್ಟರು. ಗಂಡ ಬಂಡಿ ಹೊಡೆಯುವವನು, ಒಳ್ಳೆಯವನೇ. ಆದರೆ ಮದುವೆಯಾದ ಎರಡನೆಯ ಬೇಸಿಗೆಯಲ್ಲಿ ಗುಡಿಸಲಿಗೆ ಬೆಂಕಿ ಬಿತ್ತು. ಗಂಡ ಎತ್ತು ಬಿಚ್ಚಲು ಒಳಗೆ ಹೋದವನು ಹೊರಗೆ ಬರಲಿಲ್ಲ. ಎತ್ತುಗಳು ಬಂದವು. ಫಕೀರವ್ವ ಉಟ್ಟ ಬಟ್ಟೆಯಲ್ಲಿ, ಬೂದಿಯ ಪಕ್ಕದಲ್ಲಿ, ಒಂದು ಹಗಲು ಪೂರ್ತಿ ಕುಳಿತಿದ್ದಳಂತೆ.

ಆಗ ಮೊದಲು ಬಂದವನು ಅಂಬಿಗರ ದುರಗಪ್ಪ. ಜನರನ್ನು ಹರಿಗೋಲಿನಲ್ಲಿ ಹೊಳೆ ದಾಟಿಸುವವನು, ಮಾತು ಕಡಿಮೆ, ಮೀಸೆ ಜಾಸ್ತಿ. ತಾನು ಹೊದ್ದಿದ್ದ ಕಂಬಳಿ ತಂದು ಅವಳ ಹೆಗಲಿಗೆ ಹಾಕಿ ಹೋದನಂತೆ. ಅವನನ್ನು ನೋಡಿ ಊರಿನವರಿಗೂ ಬುದ್ಧಿ ಬಂತು. ಒಂದು ಮನೆಯಿಂದ ಅರ್ಧ ಸೀರೆ, ಇನ್ನೊಂದು ಮನೆಯಿಂದ ಹಳೆಯ ಧೋತರ, ಮತ್ತೊಂದರಿಂದ ಗೋಣಿಚೀಲ. ಇದ್ದದ್ದೇ ಹರಕು, ಅದರಲ್ಲಿ ಒಳ್ಳೆಯ ಹರಕು ನೋಡಿ ಕೊಟ್ಟರು. ಫಕೀರವ್ವ ಅವನ್ನೆಲ್ಲ ಸೇರಿಸಿ ಕೌದಿ ಹೊಲಿದಳು. ಆ ಕೌದಿ ಹೊದ್ದು ಮಲಗಿದರೆ ಊರೇ ಬಂದು ಮೈಮೇಲೆ ಕೈಯಿಟ್ಟ ಹಾಗಾಗುತ್ತದೆ ಅನ್ನುತ್ತಿದ್ದಳಂತೆ.

ಊರಿನ ಆ ಉಪಕಾರ ತೀರಿಸಬೇಕು ಅಂತ ಅವಳ ಮನಸ್ಸಿಗೆ ಬಂತು. ಆ ಊರಲ್ಲಿ ಉಳ್ಳವರ ಮದುವೆಗೆ ಹಂದರದ ಮೇಲೆ ಬಣ್ಣದ ಮೇಲ್ಕಟ್ಟು, ಇಲ್ಲದವರ ಮದುವೆಗೆ ನಾಲ್ಕು ಬೇವಿನ ಟೊಂಗೆ. ಟೊಂಗೆಯ ಸಂದಿಯಿಂದ ಬಿಸಿಲು ಬಿದ್ದು ಮದುಮಗಳ ಮುಖ ಬಾಡುವುದನ್ನು ಫಕೀರವ್ವ ನೋಡಿದ್ದಳು. ಎಲ್ಲರ ಮದುವೆಗೂ ಒಂದೇ ಮೇಲ್ಕಟ್ಟು ಆಗಬೇಕು, ಅದರಲ್ಲಿ ಎಲ್ಲ ಮನೆಯದೂ ಒಂದೊಂದು ಚೂರು ಇರಬೇಕು, ಊರಿನ ಯಾವ ಮಗಳು ಹಸೆಗೆ ಕೂತರೂ ಅವಳ ತಲೆಯ ಮೇಲೆ ಇಡೀ ಊರಿನ ನೆರಳಿರಬೇಕು. ಹೀಗೆಂದುಕೊಂಡು ಜೋಳಿಗೆ ಹಾಕಿಕೊಂಡು ಹೊರಟಳಂತೆ.

ಅವಳದೊಂದು ಪದ್ಧತಿ. ಹೊಸದು ಮುಟ್ಟುತ್ತಿರಲಿಲ್ಲ. ಒಡೆದದ್ದು, ಹರಿದದ್ದು, ಬಳಸಿ ಉಳಿದದ್ದು ಕೊಡಿ ಅನ್ನುತ್ತಿದ್ದಳು. ಕೊಟ್ಟವರು ತಮ್ಮ ಕೈಯಾರೆ ಕೊಡಬೇಕು, ಅದರ ಕಥೆಯನ್ನೂ ಹೇಳಬೇಕು. ಕಥೆ ಹೇಳದೆ ಕೊಟ್ಟರೆ ಹೊಸಿಲ ಮೇಲೆಯೇ ಇಟ್ಟು ಎದ್ದು ಬರುತ್ತಿದ್ದಳಂತೆ. ಕುಂಬಾರರು ಒಡೆದ ಗಡಿಗೆಯ ಬೋಕಿ ಕೊಟ್ಟರು, ಅದನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ಬಿಲ್ಲೆ ಮಾಡಿದಳು. ಎಂಜಲ ಕೈಯಲ್ಲಿ ಕಾಗೆ ಓಡಿಸದ ಒಬ್ಬ ಮುದುಕಿ ಒಲೆ ಒರೆಸುವ ಮಸಿಬಟ್ಟೆ ಕೊಟ್ಟಳು. ಕಥೆ ಏನು ಅಂದರೆ, ಅತ್ತು ಅತ್ತು ಮೂಗು ಒರೆಸಿದ್ದೂ ಅದರಲ್ಲೇ ಅಂದಳು. ಫಕೀರವ್ವ ಅದರಿಂದ ಒಂದು ಕಾಗೆ ಮಾಡಿ ಬಾಯಿಗೆ ಒಂದು ಜೋಳದ ತೆನೆ ಕೊಟ್ಟಳು. ಹತ್ತು ವರ್ಷ ಮಾತು ಬಿಟ್ಟ ಇಬ್ಬರು ನೆಗೆಣ್ಣಿಯರ ಎರಡು ಕುಪ್ಪಸದ ತೋಳು ಸಿಕ್ಕವು. ಒಂದೇ ಹಕ್ಕಿಗೆ ಎರಡು ರೆಕ್ಕೆ ಮಾಡಿ ಹೊಲಿದುಬಿಟ್ಟಳು, ಬೇಕಾದರೆ ಹಾರಿಕೊಳ್ಳಲಿ ಅಂತ. ಕೋಳಿಯ ಪುಕ್ಕ, ಕವಡೆ, ಎತ್ತಿನ ಕೋಡಿನ ತುದಿ, ಓದಿ ಓದಿ ಸವೆದ ಪತ್ರದ ಕಾಗದ, ತೊಟ್ಟಿಲ ಹಗ್ಗ, ಯಾವುದನ್ನೂ ಅವಳು ಬಿಡಲಿಲ್ಲ. ಅವಳಿಗೆ ಚಿಂದಿ ಫಕೀರವ್ವ ಅಂತ ಹೆಸರು ಬಿದ್ದದ್ದು ಆಗಲೇ.

ಹೊಲಿಯುವಂಥದ್ದನ್ನು ಹೊಲಿದಳು, ಅಂಟಿಸುವಂಥದ್ದನ್ನು ಅಂಟಿಸಿದಳು. ಅಂಟು ಯಾವುದು? ನಿಮ್ಮ ಕೈಯಲ್ಲಿರುವುದೇ. ಹುಣಸೆ ಬೀಜ ಹುರಿದು, ನೆನೆಸಿ, ಸಿಪ್ಪೆ ಸುಲಿದು, ಒರಳಲ್ಲಿ ರುಬ್ಬಿ, ಕುದಿಸಿ, ಅದಕ್ಕೆ ಬೇವಿನ ರಸ ಮತ್ತು ಚಿಟಿಕೆ ಮೈಲುತುತ್ತ. ಆ ಅಂಟು ಒಣಗಿದರೆ ಕಲ್ಲು. ಹುಳ ಬಂದು ಮೂಸಿ ನೋಡಿ, ಇದು ನಮ್ಮ ಊಟವಲ್ಲ ಅಂತ ಹೋಗುತ್ತಿತ್ತು.

ಮೂರು ವರ್ಷವಾಯಿತಂತೆ. ಒಂದು ಮೂಲೆಗೆ ಸೂರ್ಯ, ಒಂದು ಮೂಲೆಗೆ ಚಂದ್ರ, ಸುತ್ತ ಹೊಲ, ಹಕ್ಕಿ, ದನ. ನಡುವೆ ನೀಲಿ ಸೀರೆಗಳ ಹೊಳೆ. ಹೊಳೆಯ ನಡುವೆ ಒಂದು ಹರಿಗೋಲು ಬರಬೇಕು, ಅಲ್ಲಿಗೆ ಚಿತ್ರ ಪೂರ್ತಿ. ಅದು ದುರಗಪ್ಪನ ಮನೆಯ ಪಾಲು. ಅವನೋ, ನಾಳೆ ಕೊಡ್ತೀನಿ, ಹರಿಗೋಲಿನ ಹಳೆಯ ತೊಗಲು ಬಿಚ್ಚಿದಾಗ ಕೊಡ್ತೀನಿ ಅನ್ನುತ್ತಿದ್ದ. ಮೊದಲು ಕೊಟ್ಟವನೇ ಕೊನೆಗೆ ಉಳಿದ.

ಅಷ್ಟರಲ್ಲಿ ಆ ಮಳೆಗಾಲ ಬಂತು. ಊರಿನ ಗೌಡ ಅಡಿವೆಪ್ಪಗೌಡ. ಅವನಿಗೊಬ್ಬನೇ ತಮ್ಮ, ಕಲ್ಲನಗೌಡ. ತಾಯಿಯಿಲ್ಲದ ತಮ್ಮನನ್ನು ಅಣ್ಣನೇ ಎತ್ತಿ ಆಡಿಸಿ ಬೆಳೆಸಿದ್ದ. ಕಲ್ಲನಗೌಡನ ಹೆಂಡತಿ ಹೆರಿಗೆಗೆ ಆಚೆ ದಡದ ತವರಿಗೆ ಹೋಗಿದ್ದಳು, ಬ್ಯಾನಿ ಶುರುವಾಗಿದೆ ಅಂತ ಆಚೆ ದಡದಿಂದ ಕೂಗಿ ಹೇಳಿದರು. ಹೊಳೆ ತುಂಬಿತ್ತು. ಇವತ್ತು ಆಗುವುದಿಲ್ಲ ಅಂತ ದುರಗಪ್ಪ ಮೂರು ಸಲ ಅಂದನಂತೆ. ಕಲ್ಲನಗೌಡ ಮೂರು ಸಲವೂ ಕೈ ಮುಗಿದನಂತೆ. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರೆಲ್ಲ ಕೇಳಿದ್ದರು. ಆಮೇಲೆ ವಿಚಾರಿಸಿದಾಗ ಯಾರಿಗೂ ನೆನಪಿರಲಿಲ್ಲ. ನಡು ಹೊಳೆಯಲ್ಲಿ ಹರಿಗೋಲು ಮಗುಚಿತು. ಇಬ್ಬರೂ ಹೋದರು.

ಕಲ್ಲನಗೌಡನ ಹೆಣ ಮರುದಿನ ಸಿಕ್ಕಿತು, ತಲೆಯಲ್ಲಿ ರುಮಾಲು ಇರಲಿಲ್ಲ. ದುರಗಪ್ಪನದು ಬಹಳ ದೂರ ತೇಲಿಹೋಗಿತ್ತು. ಅವನನ್ನು ನೋಡಲು ಊರಿನ ಒಬ್ಬರೂ ಹೋಗಲಿಲ್ಲ, ಹೆಂಡತಿ ತಿಪ್ಪವ್ವ ಒಬ್ಬಳೇ ಹೋಗಿ ಅಲ್ಲೇ ಮಣ್ಣು ಮಾಡಿ ಬಂದಳು. ಗೌಡನಿಗೆ ದುಃಖ ತಡೆಯಲಾಗಲಿಲ್ಲ. ದುಃಖಕ್ಕೆ ಯಾರಾದರೂ ಒಬ್ಬರು ಬೇಕು ನೋಡಿ, ತಪ್ಪು ಹೊರಿಸಲಿಕ್ಕೆ. ಈಜು ಬಲ್ಲವನು ತಾನು ಪಾರಾಗಲು ನನ್ನ ತಮ್ಮನ ಕೈ ಬಿಟ್ಟ, ಬಿಟ್ಟ ಪಾಪಕ್ಕೆ ತಾನೂ ಸತ್ತ ಅಂದುಬಿಟ್ಟ. ಗೌಡ ಅಂದಮೇಲೆ ಊರು ಹೌದು ಅಂದಿತು. ತಿಪ್ಪವ್ವನ ಮನೆಗೆ ಬೆಂಕಿ ಕೊಡಬಾರದು, ನೀರು ಕೊಡಬಾರದು, ಒಳ್ಳೆಯದು ಕೆಟ್ಟದ್ದಕ್ಕೆ ಕರೆಯಬಾರದು ಅಂತ ಚಾವಡಿಯಲ್ಲಿ ತೀರ್ಮಾನವಾಯಿತು. ಮನೆಯಲ್ಲಿ ತಿಪ್ಪವ್ವ, ಅವಳ ಮಗಳು ಸಕ್ರವ್ವ, ಇಬ್ಬರೇ.

ಗೌಡ ತಮ್ಮನ ಹಳೆಯದೊಂದು ರುಮಾಲಿನ ಅಂಚು ಹರಿದು ಫಕೀರವ್ವನಿಗೆ ಕೊಟ್ಟ. ಹೊಳೆಯ ದಂಡೆಗೆ ಹೊಲಿ, ಆದರೆ ಅದರ ಪಕ್ಕ ಆ ಮನೆಯ ಒಂದು ಎಳೆಯೂ ಬರಕೂಡದು ಅಂದ. ಫಕೀರವ್ವ ರುಮಾಲಿನ ಕಥೆ ಕೇಳಿದಳು. ಗೌಡ ಹೇಳುತ್ತ ಹೇಳುತ್ತ ಅತ್ತನಂತೆ. ಅವಳು ಅದನ್ನು ಹೊಳೆಯ ದಂಡೆಗೆ ಚೆಂದಾಗಿ ಹೊಲಿದಳು. ಅದರ ಪಕ್ಕದಲ್ಲಿ, ಹರಿಗೋಲು ಬರಬೇಕಾದ ಜಾಗದಲ್ಲಿ, ಅಂಗೈಯಗಲ ದುಂಡಗೆ ಬಟ್ಟೆಯನ್ನೇ ಕತ್ತರಿಸಿ ತೆಗೆದುಬಿಟ್ಟಳು. ಇದೇನು ಅಂತ ಗೌಡ ಕೇಳಿದ.

"ಗೌಡ್ರ, ಜಾಗಾ ಖಾಲಿ ಬಿಟ್ಟಿದ್ರ ನೀವು ಏನರ ತುಂಬತಿದ್ರಿ," ಅಂದಳಂತೆ. "ಅದಕ್ಕ ತೂತ ಬಿಟ್ಟೀನಿ."

ಊರಲ್ಲಿ ಹುಯಿಲಾಯಿತು. ಆದರೆ ಮೂರು ವರ್ಷ ಕಾದ ಮೇಲ್ಕಟ್ಟು, ಬೇಡ ಅನ್ನಲು ಯಾರಿಗೂ ಮನಸ್ಸಿಲ್ಲ. ಮದುವೆಗಳು ಶುರುವಾದವು. ಮೇಲ್ಕಟ್ಟು ಕಟ್ಟಿದಾಗ ಮೂರು ಊರಿನ ಜನ ಅದರಡಿ ಕೂತರೂ ಇನ್ನೂ ಜಾಗ ಇರುತ್ತಿತ್ತು ಅಂತ ಹೇಳುತ್ತಾರೆ. ನಿಜವಾದ ಕಾಗೆಗಳು ಬಂದು ಮಸಿಬಟ್ಟೆ ಕಾಗೆಯ ಬಾಯಿಂದ ತೆನೆ ಕಸಿಯಲು ನೋಡುತ್ತಿದ್ದವು ಅಂತ ಹೇಳುತ್ತಾರೆ. ಎಲ್ಲಾ ಚೆಂದ. ಆದರೆ ಆ ತೂತಿನಿಂದ ಒಂದು ದುಂಡನೆಯ ಬಿಸಿಲು ಕೆಳಗೆ ಬೀಳುತ್ತಿತ್ತು. ಹೊತ್ತು ಏರಿದ ಹಾಗೆ ಅದು ಮೆಲ್ಲಗೆ ಸರಿದು, ಮದುಮಗಳ ನೆತ್ತಿ, ಮದುಮಗನ ರುಮಾಲು, ಭಟ್ಟರ ಬೋಳುತಲೆ, ಬೀಗರ ಎಲೆ, ಹೀಗೆ ಒಬ್ಬೊಬ್ಬರ ಮೇಲೂ ಹೋಗಿ ಬರುತ್ತಿತ್ತು. ಅದು ತನ್ನ ಮೇಲೆ ಬಂದಾಗ ಯಾರೂ ಮೇಲೆ ನೋಡುತ್ತಿರಲಿಲ್ಲವಂತೆ.

ಫಕೀರವ್ವ ಮಾತ್ರ ತಿಪ್ಪವ್ವನ ಮನೆಗೆ ಹೋಗುವುದು ಬಿಡಲಿಲ್ಲ. ಹಾಡುಹಗಲೇ ಹೋಗುತ್ತಿದ್ದಳು, ಕೆಂಡ ಕೊಡುತ್ತಿದ್ದಳು. ನಿನ್ನ ಮನೆಯದು ಒಂದು ಚೂರು ಕೊಡವ್ವ, ಆದದ್ದಾಗಲಿ ಹೊಲಿದುಬಿಡುತ್ತೇನೆ ಅಂತ ಕೇಳಿದಳಂತೆ. ತಿಪ್ಪವ್ವ ತಲೆ ಅಲ್ಲಾಡಿಸಿದಳು. ಗಂಡನನ್ನು ಮಣ್ಣು ಮಾಡಿ ಬಂದ ದಿನ ಅವಳು ಉಡಿಯಲ್ಲಿ ಏನೋ ಕಟ್ಟಿಕೊಂಡು ಗೌಡನ ಬಾಗಿಲಿಗೆ ಹೋಗಿದ್ದಳು. ಒಳಗೆ ಬಾ ಅನ್ನಲಿಲ್ಲ, ಏನು ತಂದೆ ಅಂತ ಕೇಳಲಿಲ್ಲ, ಬಾಗಿಲು ಹಾಕಿದರು. ಕೊಡುವುದು ಇದೆ, ಆದರೆ ಇನ್ನು ಅವರೇ ಬಂದು ಕೇಳಬೇಕು ಅಂದಳಂತೆ. ಏನು ಅಂತ ಫಕೀರವ್ವನಿಗೂ ತೋರಿಸಲಿಲ್ಲ.

ವರ್ಷ ಉರುಳಿದವು. ಸಕ್ರವ್ವ ದೊಡ್ಡವಳಾದಳು. ಆಚೆ ದಡದಿಂದ ಒಂದು ಒಳ್ಳೆಯ ಸಂಬಂಧ ಬಂತು, ಹುಡುಗನಿಗೆ ಹುಡುಗಿ, ಹುಡುಗಿಗೆ ಹುಡುಗ ಒಪ್ಪಿಗೆ. ಆದರೆ ಹುಡುಗನ ಕಡೆಯ ಹಿರಿಯರು ಒಂದು ಮಾತು ಅಂದರು. ನಿಮ್ಮ ಊರೇ ನಿಮ್ಮ ಹುಡುಗಿಯ ತಲೆಯ ಮೇಲೆ ತನ್ನ ಮೇಲ್ಕಟ್ಟು ಕಟ್ಟದಿದ್ದರೆ ನಾವು ಹೇಗೆ ಕರೆದುಕೊಂಡು ಹೋಗೋಣ? ಮುಂದಿನ ಸುಗ್ಗಿಯ ತನಕ ಕಾಯುತ್ತೇವೆ, ಆಮೇಲೆ ಬೇರೆ ಕಡೆ ನೋಡುತ್ತೇವೆ ಅಂದು ಹೋದರು. ತಿಪ್ಪವ್ವ ಆ ದಿನವೂ ಗೌಡನ ಬಾಗಿಲಿಗೆ ಹೋಗಲಿಲ್ಲ. ಮಗಳ ಮುಖ ನೋಡಲಾರದೆ ಹೊಳೆಗೆ ನೀರು ತರಲು ಮೂರು ಸಲ ಹೋದಳಂತೆ, ಕೊಡ ತುಂಬಿಯೇ ಇತ್ತು. ತಾನು ಬಿಟ್ಟ ತೂತಿನಿಂದ ಈ ಹುಡುಗಿಗೆ ಏನು ಸುಖವಾಯಿತು ಅಂತ ಫಕೀರವ್ವನಿಗೇ ಅನುಮಾನ ಬಂತಂತೆ.

ಅದೇ ವರ್ಷ ಗೌಡನ ಮಗಳ ಮದುವೆ ನಿಶ್ಚಯವಾಯಿತು. ದೊಡ್ಡ ಮನೆತನದ ಬೀಗರು. ಅವರ ಮುಂದೆ ಆ ಬಿಸಿಲು ಮಗಳ ನೆತ್ತಿಯ ಮೇಲೆ ಬೀಳುವುದು ಗೌಡನಿಗೆ ಬೇಡವಾಗಿತ್ತು. ಮದುವೆಯ ಹಿಂದಿನ ದಿನ ಹೆಂಡತಿಯನ್ನು ಕರೆದು, ತೂತು ಮುಚ್ಚಿಬಿಡು ಅಂದ. ಗೌಡಸಾನಿ ರೇಷ್ಮೆಯ ಹೊಸ ತುಂಡು ಕತ್ತರಿಸಿದಳು. ಅಂಟು? ಹುಣಸೆ ಬೀಜ ಹುರಿದು ನೆನೆಸಿ ರುಬ್ಬಲು ಪುರುಸೊತ್ತೆಲ್ಲಿ? ಮದುವೆಯ ಅಡುಗೆಗೆ ಅನ್ನ ಬಸಿದ ಗಂಜಿ ಕೊಳಗದ ತುಂಬ ಇತ್ತು. ಅದನ್ನೇ ಬಳಿದು ತೇಪೆ ಹಾಕಿದಳು. ಒಣಗಿದ ಮೇಲೆ ಬಲು ಚೆಂದ ಕಂಡಿತಂತೆ. ಮದುವೆಯಲ್ಲಿ ಬಿಸಿಲು ಬೀಳಲಿಲ್ಲ. ಫಕೀರವ್ವ ಒಮ್ಮೆ ಮೇಲೆ ನೋಡಿದಳು, ಉಣ್ಣದೆ ಎದ್ದು ಹೋದಳು.

ಮೇಲ್ಕಟ್ಟನ್ನು ಮಡಿಸಿ ಚಾವಡಿಯ ಅಟ್ಟದ ಸಂದೂಕದಲ್ಲಿಟ್ಟರು. ಮಳೆಗಾಲ ಮುಗಿದ ಮೇಲೆ ತೆರೆದರೆ ಏನಿದೆ! ಗಂಜಿಯ ವಾಸನೆಗೆ ಇಲಿ ಬಂದಿದೆ, ಜಿರಲೆ ಬಂದಿದೆ. ಇಷ್ಟು ವರ್ಷ ಒಂದು ಹುಳ ಮುಟ್ಟದ ಬಟ್ಟೆಯ ನಡುಭಾಗ ಜರಡಿಯಾಗಿದೆ. ರೇಷ್ಮೆ ತೇಪೆ ಮೊದಲು ಹೋಯಿತು, ಅದರ ಪಕ್ಕದ್ದೆಲ್ಲ ಅದರ ಹಿಂದೆ ಹೋಯಿತು. ಪಕ್ಕದಲ್ಲಿ ಏನಿತ್ತು? ಕಲ್ಲನಗೌಡನ ರುಮಾಲಿನ ಅಂಚು. ಒಂದು ದಾರವೂ ಉಳಿದಿರಲಿಲ್ಲ. ಯಾರ ಕೆಲಸ ಅಂತ ಯಾರೂ ಕೇಳಬೇಕಾಗಲಿಲ್ಲ. ಜೋಳದ ನುಚ್ಚು ಉಣ್ಣುವ ಊರಲ್ಲಿ ಅನ್ನದ ಗಂಜಿ ಸಿಗುವುದು ಒಂದೇ ಮನೆಯಲ್ಲಿ.

ಗೌಡ ಆ ತೂತಿನ ಬಟ್ಟೆಯನ್ನು ತೊಡೆಯ ಮೇಲೆ ಹಾಕಿಕೊಂಡು ಬಹಳ ಹೊತ್ತು ಕುಳಿತನಂತೆ. ತಮ್ಮನ ಹೆಂಡತಿ, ಕೂಸು ಆಚೆ ದಡದ ತವರಿನಲ್ಲೇ ಉಳಿದಿದ್ದರು, ತಮ್ಮನದು ಅಂತ ಈ ಮನೆಯಲ್ಲಿ ಇನ್ನೇನೂ ಇರಲಿಲ್ಲ. ಇದ್ದದ್ದನ್ನೆಲ್ಲ ದುಃಖದಲ್ಲಿ ಅವನೇ ದಾನ ಮಾಡಿದ್ದ. ಕೊನೆಗೆ ಫಕೀರವ್ವನ ಗುಡಿಸಲಿಗೆ ಬಂದ. ಅವಳಿಗೂ ವಯಸ್ಸಾಗಿತ್ತು, ಸೂಜಿಗೆ ದಾರ ಪೋಣಿಸಲು ಹತ್ತು ಸಲ ಬೇಕಾಗುತ್ತಿತ್ತು. ಸರಿಮಾಡಿ ಕೊಡು ಅಂದ. ಬಟ್ಟೆ ಸರಿಮಾಡಬಲ್ಲೆ, ಆದರೆ ನಿಮ್ಮ ತಮ್ಮನದು ಎಲ್ಲಿಂದ ತರಲಿ ಅಂದಳು. ತಿಪ್ಪವ್ವನ ಹತ್ತಿರ ಕೊಡುವುದು ಏನೋ ಇದೆ, ಏನು ಅಂತ ನಾನರಿಯೆ, ಕೇಳಲು ನೀವೇ ಹೋಗಬೇಕು ಅಂದಳು.

ಗೌಡ ಹೋದ. ಚಪ್ಪಲಿ ಅಂಗಳದಲ್ಲೇ ಬಿಟ್ಟ. ಇಷ್ಟು ವರ್ಷ ಯಾರೂ ಬಾರದ ಬಾಗಿಲು, ತಿಪ್ಪವ್ವ ಹೊರಗೆ ಬಂದು ನೋಡಿದಳು. ಬೈಯಬಹುದಿತ್ತು. ಬಾಗಿಲು ಹಾಕಬಹುದಿತ್ತು, ಹಾಕುವುದು ಹೇಗೆ ಅಂತ ಅವನ ಮನೆಯವರೇ ಕಲಿಸಿದ್ದರು.

"ಕೇಳಾಕ ಬಂದ್ರೇನು?" ಅಂದಳು. "ಕುಂದರ್ರಿ."

ಒಳಗಿನಿಂದ ಒಂದು ಗಂಟು ತಂದು ಅವನ ಮುಂದಿಟ್ಟಳು. ಬಿಚ್ಚಿದರೆ ಒಂದು ರುಮಾಲು, ಕೆಂಪು, ಜರಿಯ ಅಂಚು. ಗೌಡನೇ ಸಂತೆಯಿಂದ ತಂದು ತಮ್ಮನಿಗೆ ಸುತ್ತಿದ್ದು, ಆ ದಿನ ತಮ್ಮ ಸುತ್ತಿಕೊಂಡು ಹೋದದ್ದು. ಅದರ ಒಂದು ತುದಿ ಸೆಳವಿಗೆ ಹರಿದಿತ್ತು. ಇನ್ನೊಂದು ತುದಿಯಲ್ಲಿ ಒಂದು ಗಂಟು. ಹರಿಗೋಲನ್ನು ಗೂಟಕ್ಕೆ ಕಟ್ಟುವ ಅಂಬಿಗರ ಗಂಟು ಅದು, ಜಗ್ಗಿದಷ್ಟೂ ಬಿಗಿಯುತ್ತದೆ, ಆ ಊರಲ್ಲಿ ಮಕ್ಕಳಿಗೂ ಗೊತ್ತು. ನನ್ನ ಗಂಡನ ನಡುವಿನಲ್ಲಿ ಇತ್ತು ಅಂದಳು ತಿಪ್ಪವ್ವ. ನಿಮ್ಮ ತಮ್ಮನನ್ನು ತನ್ನ ಮೈಗೆ ಕಟ್ಟಿಕೊಂಡು ಈಜಿದ್ದಾನೆ, ಬಟ್ಟೆ ಹರಿಯಿತು, ಗಂಟು ಬಿಚ್ಚಲಿಲ್ಲ. ನಾನು ಸೊಂಟದ ಹತ್ತಿರ ಕುಡುಗೋಲಿನಿಂದ ಕೊಯ್ದು ತೆಗೆದೆ, ಗಂಟು ಮುಟ್ಟಲಿಲ್ಲ ಅಂದಳು.

ಗೌಡ ಆ ಗಂಟನ್ನು ಹಿಡಿದು ನೋಡಿದ. ಬಿಚ್ಚಲು ಬೆರಳು ಹಾಕಿದ, ಬಿಚ್ಚಲಿಲ್ಲ.

"ಕೈ ಬಿಟ್ಟ ಅಂದಿದ್ದೆ ನಾ," ಅಂದನಂತೆ. ತಲೆಯ ಮೇಲಿನ ತನ್ನ ರುಮಾಲು ತೆಗೆದು ತಿಪ್ಪವ್ವನ ಹೊಸಿಲ ಮೇಲೆ ಇಟ್ಟ. ಅಷ್ಟು ವರ್ಷ ಅಳದಿದ್ದ ತಿಪ್ಪವ್ವ ಆಗ ಅತ್ತಳಂತೆ. ಸತ್ತವರು ಬರಲಿಲ್ಲ, ಹೋದ ವರ್ಷಗಳೂ ಬರಲಿಲ್ಲ. ಆದರೆ ಆ ಮನೆಗೆ ಅವತ್ತೇ ಊರಿನ ಕೊಡಗಳು ಬಂದವು, ಕೆಂಡ ಬಂತು. ಬಟ್ಟೆ ಒಗೆಯುತ್ತಿದ್ದವರಿಗೆಲ್ಲ ಒಮ್ಮೆಲೇ ನೆನಪು ಬಂತು.

ಫಕೀರವ್ವ ಮತ್ತೆ ಜೋಳಿಗೆ ಹಾಕಿಕೊಂಡು ಮನೆಮನೆಗೆ ಹೋದಳು. ಈ ಸಲ ಬಾಗಿಲಲ್ಲಿ ನಿಲ್ಲಬೇಕಾಗಲಿಲ್ಲ, ಜನ ಕಾದು ನಿಂತಿದ್ದರು. ಸುಗ್ಗಿಯೊಳಗೆ ಮೇಲ್ಕಟ್ಟು ಸಿದ್ಧವಾಗಬೇಕು ಅಂತ ಇಡೀ ಊರು ಹುಣಸೆ ಬೀಜ ಸುಲಿಯಿತಂತೆ. ಆ ಕೆಂಪು ರುಮಾಲನ್ನು ಬಳ್ಳಿಯ ಹಾಗೆ ತಿರುಚಿ ತೂತಿನ ಸುತ್ತ ಅಂಚಿಗೆ ಹೊಲಿದಳು, ಹರಿಗೋಲಿನ ಬಾಯಿಯ ಹಾಗೆ. ಗಂಟು ಮೇಲೆ ಕಾಣುವಂತೆ ಇಟ್ಟಳು. ತೂತು ಮುಚ್ಚಲಿಲ್ಲ. ಇನ್ನು ಮುಚ್ಚಬಹುದಲ್ಲ ಅಂತ ಗೌಡ ಕೇಳಿದ.

"ಈ ಮನಿ ಗೊತ್ತಾತು," ಅಂದಳು ಫಕೀರವ್ವ. "ಮುಂದ ಬಿಡೋ ಮನಿ ಹೆಂಗ ಗೊತ್ತಾಗಬೇಕ್ರೀ?"

ಅದರಡಿ ಮೊದಲು ಹಸೆಗೆ ಕೂತವಳು ಸಕ್ರವ್ವ. ದುಂಡನೆಯ ಬಿಸಿಲು ಅವಳ ನೆತ್ತಿಯ ಮೇಲೆ ಬಂದು ಅಕ್ಕಿಕಾಳು ಬೀಳುವ ತನಕ ಅಲ್ಲೇ ನಿಂತಿತ್ತು, ಸರಿಯಲೇ ಇಲ್ಲ ಅಂತ ಹೇಳುತ್ತಾರೆ. ಸೂರ್ಯ ನಿಲ್ಲುತ್ತಾನೆಯೇ ಅಂತ ಕೇಳಬೇಡಿ. ನಾನು ನಂಬುತ್ತೇನೆ.

ಫಕೀರವ್ವ ಹೋದಳು, ಆ ಮೇಲ್ಕಟ್ಟೂ ಹಳೆಯದಾಗಿ ಹೋಯಿತು. ಹಳತು ಹೋದಾಗಲೆಲ್ಲ ಮನೆಮನೆಯ ಚೂರು ಕೂಡಿಸಿ ಹೊಸತು ಮಾಡುತ್ತಾರೆ, ಅಂಗೈಯಗಲ ತೂತು ಬಿಡುತ್ತಾರೆ. ಸುಳ್ಳು ಹೇಳಿ ತಪ್ಪು ಮುಚ್ಚುವವರನ್ನು ಕಂಡರೆ ಇವತ್ತಿಗೂ ಗಂಜಿ ತೇಪೆ ಅನ್ನುತ್ತಾರೆ. ಮದುವೆಯಲ್ಲಿ ಅಕ್ಕಿಕಾಳು ಹಾಕುವ ಮೊದಲು ಗೌಡರ ಮನೆಯ ಹಿರಿಯ ಸೊಸೆ ಎದ್ದು ಆ ಬಿಸಿಲಿನಲ್ಲಿ ನಿಂತು ಯಾರ ಮನಿ ಬಿಟ್ಟೇತಿ ಅಂತ ಮೂರು ಸಲ ಕೇಳಬೇಕು. ಯಾರಾದರೂ ಒಂದು ಮನೆಯ ಹೆಸರು ಹೇಳಿದರೆ ಹೋಗಿ ಕರೆತರಬೇಕು. ಅಲ್ಲಿಯ ತನಕ ಮುಹೂರ್ತ ಮೀರಿದರೂ ಸರಿ, ಒಂದು ಕಾಳೂ ಬೀಳುವುದಿಲ್ಲ.

ಗೌಡರ ಮನೆಯ ಸೊಸೆಯೇ ಯಾಕೆ ಅಂದರೆ, ಗಂಜಿ ಬಳಿದ ಕೈ ಆ ಮನೆಯದು. ಆ ಗೌಡಸಾನಿ ತನ್ನ ಸೊಸೆಗೆ ಹೇಳಿದಳು, ಆ ಸೊಸೆ ತನ್ನ ಸೊಸೆಗೆ, ನಮ್ಮತ್ತೆ ನನಗೆ. ಹೌದವ್ವ, ಇದೇ ಊರು. ನೀವು ಕೂತಿರುವುದು ಅದೇ ಮನೆಯ ಪಡಸಾಲೆ. ನನ್ನ ಮಗನ ಮದುವೆಯಲ್ಲಿ ನಾನು ಕೇಳಿದಾಗ, ನಿಮ್ಮ ಮೈದುನನ ಮನಿ ಬಿಟ್ಟೇತಿ ಅಂತ ಹಿಂದಿನಿಂದ ಯಾರೋ ಅಂದರು. ಹೊಲದ ಬದುವಿನ ಜಗಳ, ಏಳು ವರ್ಷದ್ದು. ರೇಷ್ಮೆ ಸೀರೆಯಲ್ಲಿ, ಬರಿಗಾಲಲ್ಲಿ, ಬಿಸಿಲಲ್ಲಿ ನಡೆದುಹೋಗಿ ಕರೆದುಕೊಂಡು ಬಂದೆ. ಇಡೀ ದಾರಿ ಫಕೀರವ್ವನನ್ನು ಬೈದುಕೊಂಡೆ. ಬರುವಾಗ ಬೈಯಲಿಲ್ಲ.

ನಾಳೆ ಊರಲ್ಲಿ ಮದುವೆ, ಮೇಲ್ಕಟ್ಟು ಕಟ್ಟುತ್ತಾರೆ. ನನ್ನ ಮೊಣಕಾಲಿಗೆ ಇನ್ನು ನಿಲ್ಲುವ ಶಕ್ತಿ ಇಲ್ಲ. ಬುಟ್ಟಿ ಆಚೆ ಸರಿಸು, ನನ್ನ ಕಡೆ ನೋಡು ಸೊಸೆ. ನಾಳೆ ನೀನು ಕೇಳಬೇಕು. ಮೂರು ಸಲ, ಮೂರನೆಯದು ಜೋರಾಗಿ. ಕೇಳಿದ ಮೇಲೆ ಎಲ್ಲರೂ ಸುಮ್ಮನಾಗುತ್ತಾರೆ, ಕಾಲ ಕೆಳಗಿನ ನೆಲ ನೋಡುತ್ತಾರೆ, ಆಗ ನಿನಗೆ ನಾಚಿಕೆಯಾಗುತ್ತದೆ. ಕೂತುಬಿಡಬೇಡ. ಆ ಬಿಸಿಲಿನಲ್ಲೇ ಸ್ವಲ್ಪ ಹೊತ್ತು ನಿಂತಿರು, ಹೇಳುವವರಿಗೆ ಧೈರ್ಯ ಬರಬೇಕಲ್ಲ.